ಅರ್ಜಿ ಅಕ್ಕ ಸೇರಿಸಿದ ಒಂದು ಪದ

ನಗರಸಭೆ ಕಚೇರಿಯ ಗೇಟಿನ ಎಡಕ್ಕೆ, ಸೈಕಲ್ ನಿಲ್ಲಿಸುವ ಜಾಗಕ್ಕೂ ಬತ್ತಿಹೋದ ನಲ್ಲಿಗೂ ನಡುವೆ, ತಗಡಿನ ಒಂದು ಗೂಡಿದೆ. ಒಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಕುರ್ಚಿ. ಕುರ್ಚಿಯಲ್ಲಿ ಅರ್ಜಿ ಅಕ್ಕ. ಹೊರಗೆ ಒಂದು ಬೆಂಚು. ಇಪ್ಪತ್ತಾರು ವರ್ಷಗಳಿಂದ ಊರಿನಲ್ಲಿ ಯಾರ ಹೊಟ್ಟೆ ಉರಿದರೂ ಅದರ ಹೊಗೆ ಮೊದಲು ಬಂದು ಸೇರುತ್ತಿದ್ದದ್ದು ಈ ಗೂಡಿಗೆ.

ಜನ ಬಂದು ಬೆಂಚಿನ ಮೇಲೆ ಕೂತು, "ಪಕ್ಕದ್ಮನೆಯೋನು ಸರಿ ಇಲ್ಲ ಕಣಕ್ಕಾ" ಅನ್ನುತ್ತಿದ್ದರು. ಅಷ್ಟೇ. ಏನು ಸರಿ ಇಲ್ಲ, ಯಾವತ್ತಿಂದ ಸರಿ ಇಲ್ಲ ಎಂಬುದು ಅವರಿಗೂ ಗೊತ್ತಿರುತ್ತಿರಲಿಲ್ಲ. ಅಕ್ಕ ಕನ್ನಡಕ ಏರಿಸಿ ಟಪಟಪ ಕುಟ್ಟುತ್ತಿದ್ದಳು: "ಸದರಿ ವ್ಯಕ್ತಿಯು ಹಲವಾರು ವರ್ಷಗಳಿಂದ ನಿರಂತರವಾಗಿ ಮಾನಸಿಕ ಹಿಂಸೆ ನೀಡುತ್ತಾ ಬಂದಿರುತ್ತಾನೆ." ಓದಿ ಹೇಳಿದಾಗ ಅರ್ಜಿದಾರನ ಕಣ್ಣಲ್ಲಿ ನೀರು. ತನಗೆ ಇಷ್ಟು ದೊಡ್ಡ ಅನ್ಯಾಯ ಆಗಿದೆಯೆಂದು ಆತನಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ ಪಾಪ. ಬರುವಾಗ ಇಲಿಯಂತೆ ಬಂದವನು ಹೋಗುವಾಗ ಹುಲಿಯಂತೆ ಹೋಗುತ್ತಿದ್ದ. ಅಕ್ಕನಿಗೆ ತನ್ನ ಕೈಗುಣದ ಬಗ್ಗೆ ಸ್ವಲ್ಪ ಜಂಬವೇ ಇತ್ತು. "ಬರೀ ನಿಜ ಬರೆದ್ರೆ ಒಳಗಿನ ಗುಮಾಸ್ತ ಓದ್ತಾನಾ? ಒಗ್ಗರಣೆ ಬೇಕು," ಎಂದು ಮನೆಯಲ್ಲಿ ಅತ್ತೆಗೆ ಹೇಳುತ್ತಿದ್ದಳು.

ಆ ಅತ್ತೆಗೆ ಎಂಬತ್ತು ದಾಟಿತ್ತು. ಟೀವಿ ಧಾರಾವಾಹಿಗಿಂತ ಸೊಸೆ ತರುವ ಅರ್ಜಿಗಳೇ ಅವರಿಗೆ ರುಚಿ. ಗಂಡ ನಿವೃತ್ತ ಬಸ್ ಡ್ರೈವರ್. ಮೂವತ್ತು ವರ್ಷ "ಚಾಲಕರೊಡನೆ ಮಾತನಾಡಬೇಡಿ" ಎಂಬ ಬೋರ್ಡಿನ ಕೆಳಗೆ ಕೂತಿದ್ದವನು, ಮನೆಯಲ್ಲೂ ಆ ನಿಯಮ ಮುರಿದವನಲ್ಲ.

ಊರಿನಲ್ಲಿ ಎರಡು ಬೀದಿ. ಮೇಲ್ಬೀದಿ, ಕೆಳಬೀದಿ. ನಡುವೆ ನಲವತ್ತೊಂದು ಮೆಟ್ಟಿಲು. ಎರಡು ಬೀದಿಯವರದ್ದು ಎರಡು ಧರ್ಮ. ಮೇಲಿನವರು ನಿಂತು ಪ್ರಾರ್ಥಿಸುತ್ತಾರೆ, ಕೆಳಗಿನವರು ಕೂತು. ಬೇರೆ ವ್ಯತ್ಯಾಸಗಳೂ ಇವೆಯಂತೆ, ಆದರೆ ಎರಡೂ ಕಡೆಯ ಜನ ಅವನ್ನು ಕೇಳಿದರೆ ಹಿರಿಯರತ್ತ ಕೈ ತೋರಿಸುತ್ತಾರೆ, ಹಿರಿಯರು ಆಕಾಶದತ್ತ. ನಿಂತರೂ ಕೂತರೂ ದೇವರು ಆಕ್ಷೇಪ ಎತ್ತಿದ ಒಂದೇ ಒಂದು ಅರ್ಜಿ ಅಕ್ಕನ ಗೂಡಿಗೆ ಬಂದಿರಲಿಲ್ಲ. ಹಾಗಿದ್ದೂ "ನಿಲ್ಲೋರು" ಎಂದು ಕೆಳಗಿನವರೂ "ಕೂರೋರು" ಎಂದು ಮೇಲಿನವರೂ ಮೂಗು ಮುರಿಯುವುದು ಮಾತ್ರ ತಲೆತಲಾಂತರದಿಂದ ನಡೆದಿತ್ತು. ಮೂಗು ಮುರಿದರೆ ಪರವಾಗಿಲ್ಲ. ಆ ವರ್ಷ ಕೈ ಮುರಿಯಿತು.

ಕೆಳಬೀದಿಯಲ್ಲಿ ಹಾಸಿಗೆ ಹೊಲಿಯುವ ಒಬ್ಬ ಅಜ್ಜಿ. ಎಲ್ಲರಿಗೂ ಹಾಸಿಗೆ ಅಜ್ಜಿ. ಒಂದು ಬೆಳಿಗ್ಗೆ ಮೇಲ್ಬೀದಿಯ ಮನೆಯೊಂದಕ್ಕೆ ದಿಂಬು ಕೊಟ್ಟು ಪ್ರಾರ್ಥನೆಗೆ ಹೊರಟವಳು ಮೆಟ್ಟಿಲ ಮೇಲಿನ ನೀರಿಗೆ ಕಾಲಿಟ್ಟು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಎರಡನೇ ದಿನ ಕೈಗೆ ಪಟ್ಟಿ ಕಟ್ಟಿಸಿಕೊಂಡು, ತಂಗಿಯ ಮಗನನ್ನು ಕರೆದುಕೊಂಡು ಅಕ್ಕನ ಬೆಂಚಿಗೆ ಬಂದಳು.

"ಏನು ಬರೀಲಿ ಅಜ್ಜಿ?"

"ಬರಿ, ಮೆಟ್ಲಿಗೆ ಒಂದು ಕಂಬಿ ಹಾಕ್ಸಿ ಅಂತ. ಹಿಡ್ಕೊಳ್ಳೋಕೆ ಏನೂ ಇಲ್ಲ. ನೀರಿತ್ತು, ಜಾರ್ದೆ."

"ನೀರು ಯಾರು ಚೆಲ್ಲಿದ್ರು?"

"ನಂಗೇನು ಗೊತ್ತು? ಬಿದ್ದೋಳು ಕಾಲು ನೋಡ್ಕೋತಾಳೋ, ನೀರಿನ ಊರು ಕೇರಿ ವಿಚಾರಿಸ್ತಾಳೋ?"

ಕಂಬಿ ಕೇಳಿದ ಅರ್ಜಿಗಳು ಒಳಗೆ ಯಾವ ಕಪಾಟಿನಲ್ಲಿ ಗೆದ್ದಲಿಗೆ ಅನ್ನವಾಗುತ್ತವೆಂದು ಅಕ್ಕನಿಗೆ ಗೊತ್ತಿತ್ತು. ಅಜ್ಜಿಯ ಮೇಲೆ ಕನಿಕರವೂ ಹುಟ್ಟಿತು. ಒಗ್ಗರಣೆ ಹಾಕಿದಳು. "ನಾನು ಪ್ರಾರ್ಥನೆಗೆ ತೆರಳುತ್ತಿದ್ದ ಸಮಯದಲ್ಲಿ ಮೇಲ್ಬೀದಿಯವರು ಉದ್ದೇಶಪೂರ್ವಕವಾಗಿ ನೀರು ಚೆಲ್ಲಿದ್ದರಿಂದ..." ಆ ದಿನ ಪ್ರಿಂಟರಿನ ಮುಂದೆ ಸಾಲು ಇತ್ತು. ಓದಿ ಹೇಳಲಿಲ್ಲ. ಆದರೂ ಕೊನೆಯಲ್ಲಿ ಎಲ್ಲ ಅರ್ಜಿಗಳಲ್ಲೂ ಇರುವ ಸಾಲು ಇದ್ದೇ ಇತ್ತು: "ಮೇಲ್ಕಂಡ ವಿಷಯವನ್ನು ಓದಿಸಿ ಕೇಳಿ ಒಪ್ಪಿರುತ್ತೇನೆ." ಅಜ್ಜಿ ಎಡಗೈ ಹೆಬ್ಬೆಟ್ಟು ಒತ್ತಿದಳು. ತಂಗಿಯ ಮಗ ಕಾಗದದ ಫೋಟೊ ತೆಗೆದುಕೊಂಡ.

ಅರ್ಜಿ ಕಪಾಟು ಸೇರುವ ಮೊದಲೇ ಫೋಟೊ ಊರು ಸೇರಿತು. "ಉದ್ದೇಶಪೂರ್ವಕವಾಗಿ" ಎಂಬ ಪದದ ಕೆಳಗೆ ಯಾರೋ ಪುಣ್ಯಾತ್ಮರು ಕೆಂಪು ಗೆರೆ ಎಳೆದಿದ್ದರು. ಸಂಜೆ ನಾಲ್ಕಕ್ಕೆ ಮೆಟ್ಟಿಲ ಕೆಳಗೆ ಜನ, ಐದಕ್ಕೆ ಮೆಟ್ಟಿಲ ಮೇಲೆ ಜನ, ಐದೂವರೆಗೆ ಕಲ್ಲು. ಎರಡು ಸ್ಕೂಟರ್ ಸುಟ್ಟವು. ಒಂದು ಅಂಗಡಿಯ ಬಾಗಿಲು ಒಳಕ್ಕೆ ಬಾಗಿತು. ಆರು ಜನಕ್ಕೆ ತಲೆಗೆ ಹೊಲಿಗೆ ಬಿತ್ತು. ಮೂರು ಮೇಲಿನ ತಲೆ, ಮೂರು ಕೆಳಗಿನ ತಲೆ. ಅಷ್ಟರ ಮಟ್ಟಿಗೆ ಎರಡು ಧರ್ಮಗಳ ನಡುವೆ ಸಮಾನತೆ ಸಾಧಿಸಲಾಯಿತು.

ಅಕ್ಕ ಮೂರು ದಿನ ಗೂಡು ತೆರೆಯಲಿಲ್ಲ. ತಲೆನೋವು ಎಂದಳು. ಅತ್ತೆ ಹಾಸಿಗೆಯಲ್ಲಿ ಕೂತಲ್ಲಿಂದಲೇ ನೋಡುತ್ತಿದ್ದರು.

"ಯಾವನೋ ಅರ್ಜೀಲಿ ಏನೋ ಬರೆದಿದ್ನಂತೆ, ಅದಕ್ಕೇ ಗಲಾಟೆಯಂತೆ," ಎಂದರು.

"ಬರೆದಿದ್ದು ನಾನೇ ಅಂತ ಯಾರು ಹೇಳಿದ್ದು ನಿಮಗೆ?"

"ನಾನು 'ಯಾವನೋ' ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಕೋತೀಯ?"

ಅಕ್ಕ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಸರಿ, ಮೆಟ್ಲು ಹೋಗಿ ನೋಡಿದೀಯಾ?" ಎಂದರು. ನೋಡಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ತಾನು ಬರೆದ ಯಾವ ಜಾಗವನ್ನೂ ಅಕ್ಕ ಹೋಗಿ ನೋಡಿರಲಿಲ್ಲ.

ಅಷ್ಟರಲ್ಲಿ ಶಾಂತಿ ಸಮಿತಿ ಹುಟ್ಟಿಕೊಂಡಿತ್ತು. ಹನ್ನೊಂದು ಸದಸ್ಯರು. ನಿಷ್ಪಕ್ಷಪಾತವಾಗಿರಲಿ ಎಂದು ಎರಡೂ ಬೀದಿಯವರನ್ನು ಕೈಬಿಡಲಾಗಿತ್ತು. ಅಧ್ಯಕ್ಷರು ಸಭಾಂಗಣದ ಮಾಲೀಕರು; ಸಭೆಗಳೆಲ್ಲ ಅಲ್ಲೇ. ಮೊದಲ ಸಭೆಯಲ್ಲಿ ಶಾಂತಿ ಬೇಕು ಎಂದು ಸರ್ವಾನುಮತದಿಂದ ಒಪ್ಪಲಾಯಿತು. ಎರಡನೇ ಸಭೆಯಲ್ಲಿ ಯಾವ ಬಣ್ಣದ ಬಲೂನು ಎಂಬ ಚರ್ಚೆ ಎರಡು ಗಂಟೆ ನಡೆದು ಒಬ್ಬ ಸದಸ್ಯರು ಎದ್ದು ಹೋದರು. ಕೊನೆಗೆ ಭಾನುವಾರ ಮೆಟ್ಟಿಲ ನಡುಮಧ್ಯದಿಂದ "ಶಾಂತಿ" ಎಂದು ಬರೆದ ಮಿರಮಿರ ಮಿನುಗುವ ಲೋಹದ ಹಾಳೆಯ ಇನ್ನೂರು ಬಲೂನುಗಳನ್ನು ಹಾರಿಸಲಾಯಿತು. ಶಾಂತಿ ಹತ್ತಡಿ ಮೇಲೇರಿ ವಿದ್ಯುತ್ ತಂತಿಗೆ ಸಿಕ್ಕಿಕೊಂಡು ಢಂ ಎಂದಿತು. ಎರಡೂ ಬೀದಿಗೆ ಒಂದೂವರೆ ದಿನ ಕರೆಂಟಿಲ್ಲ. ಗೂಡು ತೆರೆದ ಅಕ್ಕನ ಮುಂದೆ ಹದಿನೇಳು ಅರ್ಜಿಗಳು ನಿಂತವು: ಮೇಲಿನವರು ಬೇಕೆಂದೇ ತಂತಿಯ ಕೆಳಗೆ ಹಾರಿಸಿದರೆಂದು ಒಂಬತ್ತು, ಕೆಳಗಿನವರು ಬೇಕೆಂದೇ ಎಂದು ಎಂಟು.

ಅಕ್ಕ ಕೀಬೋರ್ಡ್ ಮುಚ್ಚಿಟ್ಟು, "ಇವತ್ತು ಮೆಷಿನ್ ಕೆಟ್ಟಿದೆ," ಎಂದು ಮೆಟ್ಟಿಲು ನೋಡಲು ಹೊರಟಳು.

ಅಲ್ಲಿ ಆಗಲೇ ಒಬ್ಬರು ಮಂಡಿಯೂರಿ ಕೂತಿದ್ದರು. ಮೇಲ್ಬೀದಿಯ ಮೊದಲ ಮನೆಯ ಸರ್ವೆ ತಾತ. ಭೂಮಾಪನ ಇಲಾಖೆಯಿಂದ ನಿವೃತ್ತರಾಗಿ ಹದಿನಾಲ್ಕು ವರ್ಷ ಆದರೂ ಟೇಪು ಜೇಬಿನಿಂದ ನಿವೃತ್ತವಾಗಿರಲಿಲ್ಲ. ಅವರ ಮನೆ ಮುಂದೆ ಹೂಕುಂಡಗಳಿದ್ದವು. ಹಾಗಾಗಿ ನೀರು ಅವರದ್ದೇ ಎಂದು ಕೆಳಬೀದಿ ತೀರ್ಪು ಕೊಟ್ಟಿತ್ತು, ಕಲ್ಲಿನ ಮೂಲಕ, ಅವರ ಕಿಟಕಿಗೆ. ನಾಲ್ಕು ಮೆಟ್ಟಿಲು ಕೆಳಗೆ ಹಾಸಿಗೆ ಅಜ್ಜಿ ಮುರಿದ ಕೈ ಎದೆಗವಚಿಕೊಂಡು ಕೂತು ಬೈಯುತ್ತಿದ್ದಳು.

"ಅಳೆಯಿರಿ, ಅಳೆಯಿರಿ! ನನ್ನ ಕೈನೂ ಅಳೆಯಿರಿ! ಎಷ್ಟು ಇಂಚು ಮುರಿದಿದೆ ನೋಡಿ!"

"ಅಮ್ಮಾ, ನನ್ನ ಕುಂಡದ ನೀರು ಹತ್ತನೇ ಮೆಟ್ಟಿಲಿಗೆ ಇಂಗಿಹೋಗುತ್ತೆ. ನೀವು ಬಿದ್ದಿದ್ದು ಇಪ್ಪತ್ಮೂರರಲ್ಲಿ. ನಕ್ಷೆ ತೋರಿಸ್ತೀನಿ."

"ನಕ್ಷೆ ನಿಮ್ಮನೇಲಿಟ್ಕೊಳ್ಳಿ. ನಾನೇನು ನೀವು ಚೆಲ್ಲಿದ್ರಿ ಅಂದ್ನಾ?"

"ಅರ್ಜೀಲಿ ಹಾಗೇ ಇದೆಯಲ್ಲ!"

"ನಾನು ಕೇಳಿದ್ದು ಕಂಬಿ!"

ಇಬ್ಬರೂ ಒಟ್ಟಿಗೆ ಅಕ್ಕನ ಕಡೆ ತಿರುಗಿದರು. ಅಕ್ಕ ಕಾಲ ಕೆಳಗಿನ ಮೆಟ್ಟಿಲು ನೋಡಿದಳು. ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವಳು ಅದನ್ನು ಕೈಬಿಟ್ಟಳು. "ಇಲ್ಲಿ ಈಗಲೂ ಒದ್ದೆ ಇದೆಯಲ್ಲ, ಯಾಕೆ?" ಎಂದಳು.

ಆ ಹೇಡಿತನದಿಂದಲೂ ಒಂದು ಉಪಕಾರವಾಯಿತು. ಕರೆಂಟಿಲ್ಲ, ಮೇಲೆ ಯಾರ ಮನೆಯಲ್ಲೂ ನೀರಿಲ್ಲ, ಕುಂಡಗಳು ಒಣಗಿ ಬಿರುಕು ಬಿಟ್ಟಿದ್ದವು, ಆದರೂ ಇಪ್ಪತ್ಮೂರನೇ ಮೆಟ್ಟಿಲು ಒದ್ದೆ. ತಾತ ಕಿವಿ ಇಟ್ಟರು. ಅಜ್ಜಿಯೂ ಬಗ್ಗಿ ಕಿವಿ ಇಟ್ಟಳು. ಕಲ್ಲಿನ ಕೆಳಗೆ ನಗರಸಭೆಯ ಪೈಪು ಸಣ್ಣಗೆ ಸೋರುತ್ತಿತ್ತು. ಯಾವ ಧರ್ಮಕ್ಕೂ ಸೇರದ ನೀರು.

ಮೂವರೂ ಸೇರಿ ಅರ್ಜಿ ಬರೆದರು. ಇತಿಹಾಸದಲ್ಲೇ ಮೊದಲ ಬಾರಿಗೆ ನಿಲ್ಲುವವರೂ ಕೂರುವವರೂ ಒಂದೇ ಕಾಗದದ ಮೇಲೆ ಸಹಿ ಮಾಡಿದರು, ಅರವತ್ತೆರಡು ಜನ. ಸಹಿ ಸಂಗ್ರಹಿಸಲು ತಾತ ಕೆಳಬೀದಿಯ ಮನೆಮನೆಗೂ, ಅಜ್ಜಿ ಮೇಲ್ಬೀದಿಯ ಮನೆಮನೆಗೂ ಹೋದರು. ತಾತನ ಮುಖಕ್ಕೆ ನಾಲ್ಕು ಬಾಗಿಲು ಬಡಿದವು. ಅಜ್ಜಿಯ ಮುಖಕ್ಕೆ ಎರಡೇ; ಮುರಿದ ಕೈಯವಳ ಮುಖಕ್ಕೆ ಬಾಗಿಲು ಹಾಕಲು ಸ್ವಲ್ಪ ಅಭ್ಯಾಸ ಬೇಕಾಗುತ್ತದೆ. ನಗರಸಭೆ ಹನ್ನೆರಡು ದಿನದಲ್ಲೇ ಉತ್ತರಿಸಿತು: ಸದರಿ ಮೆಟ್ಟಿಲುಗಳು ಮೇಲ್ಬೀದಿಗೆ ಸೇರಿವೆಯೋ ಕೆಳಬೀದಿಗೆ ಸೇರಿವೆಯೋ ಎಂಬುದನ್ನು ಉಭಯ ಕಡೆಯವರೂ ಮೊದಲು ತೀರ್ಮಾನಿಸಿಕೊಂಡು ಬರತಕ್ಕದ್ದು.

"ಆರಿದ ಒಲೆಗೆ ಊದುಗೊಳವೆ ಕೊಟ್ಟವ್ರೆ," ಎಂದಳು ಅಜ್ಜಿ. "ನಾವೇ ಮಾಡೋಣ ಬಿಡಿ."

ಮಾಡಿದರು. ಬಾಯಲ್ಲಿ ಹೇಳಿದಷ್ಟು ಸಲೀಸಾಗಿ ಅಲ್ಲ. ಮೊದಲ ದಿನ ಮೇಲಿನಿಂದ ಮೂವರು, ಕೆಳಗಿನಿಂದ ನಾಲ್ವರು ಬಂದರು, ಒಬ್ಬ ಹೆಚ್ಚಾಯಿತೆಂದು ಜಗಳವಾಯಿತು. ಕೆಲಸ ಶುರು ಮಾಡುವ ಮುಂಚೆ ಪ್ರಾರ್ಥನೆ ಆಗಬೇಕೆಂದರು. ನಿಂತೋ ಕೂತೋ ಎಂದು ಮತ್ತೆ ಅರ್ಧ ಗಂಟೆ. ಕಲಸಿಟ್ಟ ಸಿಮೆಂಟು ಗಟ್ಟಿಯಾಗುತ್ತಿತ್ತು. ಅದಕ್ಕೆ ದೇವರ ಭಯವಿಲ್ಲ. ಅಜ್ಜಿ ಗದರಿದಳು: "ಬಗ್ಗಿ ಕೆಲ್ಸ ಮಾಡ್ರೋ! ಬಗ್ಗಿದ್ರೆ ಅರ್ಧ ನಿಂತಂಗೂ ಆಯ್ತು, ಅರ್ಧ ಕೂತಂಗೂ ಆಯ್ತು!" ಯಾರೋ ನಕ್ಕರು. ಯಾವ ಬೀದಿಯವರೆಂದು ಅಕ್ಕನಿಗೆ ಗೊತ್ತಾಗಲಿಲ್ಲ.

ಸುಟ್ಟ ಎರಡು ಸ್ಕೂಟರ್‌ಗಳಲ್ಲಿ ಒಂದು ಕೆಳಬೀದಿಯ ಪ್ಲಂಬರನದ್ದು. ಅದಕ್ಕೆ ಬೆಂಕಿ ಇಟ್ಟವನು ಮೇಲ್ಬೀದಿಯ ಬಾಗಿಲು ಮಾಡುವ ಬಡಗಿ ಎಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರನ್ನು ಬಿಟ್ಟು. ಇಬ್ಬರೂ ಇಪ್ಪತ್ಮೂರನೇ ಮೆಟ್ಟಿಲಿನ ಕಲ್ಲು ಎತ್ತಿದರು. ಭಾಷಣಕಾರರು ಹೇಳುವಂತೆ ಅವರು ತಬ್ಬಿಕೊಳ್ಳಲಿಲ್ಲ, ಕಣ್ಣೀರು ಸುರಿಸಲಿಲ್ಲ. ಪ್ಲಂಬರ್ ಪೈಪಿನ ಮೇಲೆ ಕೈಯಿಟ್ಟು, ತಿರುಗಿ ನೋಡದೆ, "ಪಾನಾ" ಎಂದ. ಬಡಗಿ ಕೊಟ್ಟ. "ದೊಡ್ದು." ಬಡಗಿ ದೊಡ್ಡದು ಕೊಟ್ಟ. ಅದು ಮೂರು ದಿನದಲ್ಲಿ ಅವರ ನಡುವೆ ನಡೆದ ಒಟ್ಟು ಸಂಭಾಷಣೆ. ನಾಲ್ಕನೇ ದಿನ ಬಡಗಿ ಯಾರೂ ಕೇಳದೆ ಮೆಟ್ಟಿಲಿನುದ್ದಕ್ಕೂ ಮರದ ಕಂಬಿ ಮಾಡಿ ತಂದ. ಅಜ್ಜಿ ಎಡಗೈಯಲ್ಲಿ ಹಿಡಿದು ಮೇಲಿಂದ ಕೆಳಗಿನವರೆಗೂ ಇಳಿದು ನೋಡಿ, "ಇಲ್ಲಿ ಚೂರು ಗರಗರ ಅಂತದೆ, ಉಜ್ಜು," ಎಂದಳು.

ಶಾಂತಿ ಸಮಿತಿಗೆ ಸುದ್ದಿ ಮುಟ್ಟಿತು. ಬೇರೆಯವರು ಅಟ್ಟದ್ದನ್ನು ಬಡಿಸಲು ಸೌಟು ಹಿಡಿದು ಬಂದರು. ಅಧ್ಯಕ್ಷರೇ ಸ್ವತಃ ಗೂಡಿಗೆ ಬಂದು ನಡಾವಳಿ ಟೈಪ್ ಮಾಡಿಸಿದರು. "ಸಮಿತಿಯ ಅವಿರತ ಶ್ರಮದ ಫಲವಾಗಿ, ಹಾಕಿಕೊಳ್ಳಿ. ತಳಮಟ್ಟದಲ್ಲಿ ಸೌಹಾರ್ದ ಸೇತುವೆ, ಹಾಕಿಕೊಳ್ಳಿ."

"ಅದು ಮೆಟ್ಟಿಲು ಸಾರ್."

"ಸೇತುವೆ ಅಂದ್ರೆ ಚೆನ್ನಾಗಿರುತ್ತೆ. ನೀವೂ ವೇದಿಕೆ ಮೇಲೆ ಬಂದು ಎರಡು ಮಾತಾಡಬೇಕು. ತಳಮಟ್ಟದಿಂದ ಒಬ್ಬರು ಬೇಕಿತ್ತು."

ಅಕ್ಕ ಟೈಪ್ ಮಾಡಿದಳು. ಬೆರಳಿಗೇನು, ಯಾವ ಒಗ್ಗರಣೆಯೂ ಹೊಸದಲ್ಲ. ಆದರೆ ಓದುವಾಗ 'ಸೇತುವೆ' ಎಂಬಲ್ಲಿಗೆ ನಿಲ್ಲಿಸಿ, ಕಾಗದವನ್ನು ಅಧ್ಯಕ್ಷರ ಕೈಗೇ ಕೊಟ್ಟಳು. ಮನೆಗೆ ಹೋಗಿ, ಅತ್ತೆಯ ಎದುರು, "ನನಗೆ ಸನ್ಮಾನವಂತೆ," ಎಂದಳು. ಅತ್ತೆ, "ಒಳ್ಳೇದು. ಯಾವುದಕ್ಕೆ, ಹಚ್ಚಿದ್ದಕ್ಕೋ ಆರಿಸಿದ್ದಕ್ಕೋ?" ಎಂದರು. ಗಂಡ ಆ ವರ್ಷದಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟು, "ಹೇಳ್ಬಿಡು," ಎಂದ.

ಸಮಾರಂಭದ ದಿನ ಮೆಟ್ಟಿಲ ಬುಡದಲ್ಲಿ ವೇದಿಕೆ. ಈ ಬಾರಿ ಬಲೂನಿರಲಿಲ್ಲ. ಐದು ಭಾಷಣಗಳಾದವು. ಎಲ್ಲರೂ ಮೆಟ್ಟಿಲನ್ನು ಸೇತುವೆ ಎಂದರು. ಒಬ್ಬರು ಮಾತ್ರ ಹಡಗು ಎಂದರು. ಅಜ್ಜಿಯೂ ತಾತನೂ ಹತ್ತನೇ ಸಾಲಿನಲ್ಲಿ ಕೂತಿದ್ದರು, ಮುಂದಿನ ಒಂಬತ್ತು ಸಾಲು ಗಣ್ಯರಿಗೆ ಮೀಸಲು. ಅಕ್ಕನ ಸರದಿ ಬಂದಾಗ ಮೈಕಿನ ಮುಂದೆ ಹೋಗಿ ನಿಂತಳು.

"ಅಜ್ಜಿ ಅರ್ಜಿಗೆ ಬಂದಾಗ ಕೇಳಿದ್ದು ಕಂಬಿ ಮಾತ್ರ," ಎಂದಳು. "ಮೇಲಿನವರು ಬೇಕಂತ ನೀರು ಚೆಲ್ಲಿದ್ರು ಅಂತ ಅವರು ಹೇಳಲಿಲ್ಲ. ಉದ್ದೇಶಪೂರ್ವಕವಾಗಿ ಅನ್ನೋ ಮಾತು ನಂದು. ಅರ್ಜಿ ತೂಕವಾಗಿರಲಿ ಅಂತ ನಾನೇ ಸೇರಿಸ್ದೆ. ಓದಿ ಹೇಳಲೂ ಇಲ್ಲ. ತಪ್ಪಾಯ್ತು."

ಹಿಂದಿನಿಂದ ಒಬ್ಬ ಮೇಲ್ಬೀದಿಯವನು ಕೂಗಿದ, ಪಕ್ಕದಿಂದ ಒಬ್ಬ ಕೆಳಬೀದಿಯವನು ದನಿ ಸೇರಿಸಿದ. ಶಾಂತಿ ಸಮಿತಿ ಐದು ವಾರದಲ್ಲಿ ಮಾಡಲಾಗದ್ದನ್ನು ಅಕ್ಕ ಐದು ಮಾತಿನಲ್ಲಿ ಮಾಡಿದ್ದಳು: ಎರಡೂ ಬೀದಿಯವರು ಭುಜಕ್ಕೆ ಭುಜ ಕೊಟ್ಟು, ಒಕ್ಕೊರಲಿನಿಂದ, ಅವಳನ್ನು ಬೈದರು. ಅಧ್ಯಕ್ಷರು ಮೈಕ್ ಕಸಿದುಕೊಂಡು, "ಅಕ್ಕನವರು ಭಾವುಕರಾಗಿದ್ದಾರೆ," ಎಂದರು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಒಬ್ಬ ತನ್ನ ಗಾಯದ ಗುರುತು ತೋರಿಸಿ, "ಇದಕ್ಕೇನಂತೀಯ?" ಎಂದು ಕೇಳಿದ. ಅವನ ಮುಖವನ್ನು ಅವಳು ಬಹಳ ದಿನ ಮರೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಗೂಡಿನ ಬೆಂಚು ಖಾಲಿ. ಯಾರೋ ತಗಡಿಗೆ ಕಲ್ಲು ಹೊಡೆದು ತಗ್ಗು ಮಾಡಿದ್ದರು. ಜನ ರಸ್ತೆಯಾಚೆಗಿನ ಜೆರಾಕ್ಸ್ ಅಂಗಡಿಗೆ ಹೋಗಿ ಅರ್ಜಿ ಬರೆಸಿದರು. ಅಲ್ಲಿ ಮೊದಲೇ ಅಚ್ಚಾಗಿರುವ ಅರ್ಜಿ ಸಿಗುತ್ತಿತ್ತು, ವೈರಿಯ ಹೆಸರು ತುಂಬಿಸಿದರೆ ಸಾಕು. ಅಕ್ಕ ಬೆಳಿಗ್ಗೆ ಬಂದು ಗೂಡು ಗುಡಿಸಿ, ಕೂತು, ಸಂಜೆ ಬಾಗಿಲು ಹಾಕಿ ಹೋಗುತ್ತಿದ್ದಳು.

ಹತ್ತೊಂಬತ್ತನೇ ದಿನ ಹಾಸಿಗೆ ಅಜ್ಜಿ ಬಂದಳು. ಕೈಯ ಪಟ್ಟಿ ಬಿಚ್ಚಿತ್ತು, ಮಣಿಕಟ್ಟು ಚೂರು ಸೊಟ್ಟಗಿತ್ತು. ಬೆಂಚಿನ ಮೇಲೆ ಕೂತಳು.

"ಮೆಟ್ಲ ಮೇಲೆ ಅವತ್ತೇ ಹೇಳ್ಬೋದಿತ್ತು," ಎಂದಳು.

"ಹೆದರ್ಕೊಂಡೆ ಅಜ್ಜಿ."

"ನಾನು ಆಡದ ಮಾತು ನನ್ನ ಬಾಯಲ್ಲಿ ಇಟ್ಯಲ್ಲೇ. ಅದಕ್ಕೆ ಹೆಬ್ಬೆಟ್ಟೂ ಒತ್ತಿಸ್ಕೊಂಡೆ. ನನ್ನ ಗಂಡ ನಲವತ್ತು ವರ್ಷ ಸಂಸಾರ ಮಾಡಿದ್ರೂ ಅಷ್ಟು ಧೈರ್ಯ ಮಾಡಿರ್ಲಿಲ್ಲ."

ಅಕ್ಕ ಅತ್ತಳು. ಅಜ್ಜಿ ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದು, ಚೀಲದಿಂದ ಹತ್ತಿ ತುಂಬಿದ ಒಂದು ದಿಂಬು ತೆಗೆದು ಬೆಂಚಿನ ಮೇಲೆ ಹಾಕಿ, ಅದರ ಮೇಲೆ ಸರಿಯಾಗಿ ಕೂತುಕೊಂಡಳು. "ಇನ್ಮೇಲೆ ನಾನಿಲ್ಲೇ ಕೂತಿರ್ತೀನಿ. ನೀನು ಕುಟ್ಟೋದೆಲ್ಲಾ ಜೋರಾಗಿ ಓದ್ಬೇಕು. ಯಾರ್ ಮೇಲೆ ಬರೀತೀಯೋ ಅವರನ್ನೂ ಕರೆಸಿ ಓದ್ಬೇಕು."

ಮಾರನೇ ದಿನ ಸರ್ವೆ ತಾತನೂ ಟೇಪು ಹಿಡಿದು ಬಂದರು. ಅಜ್ಜಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಅಕ್ಕನ ಮೇಲೆ ಮೊದಲೇ ಇಲ್ಲ. "ನಾನೂ ಇರ್ತೀನಿ, ಮೇಲಿನವರ ಪರವಾಗಿ ಕೇಳಿಸ್ಕೊಳ್ಳೋಕೆ ಒಬ್ಬ ಬೇಡ್ವಾ?" ಹೀಗೆ ಪರಸ್ಪರ ಅಪನಂಬಿಕೆಯ ಭದ್ರ ಬುನಾದಿಯ ಮೇಲೆ ಊರಿನ ನಿಜವಾದ ಶಾಂತಿ ಕೆಲಸ ಶುರುವಾಯಿತು.

ಜನ ನಿಧಾನಕ್ಕೆ ಮರಳಿ ಬಂದರು. ಜೆರಾಕ್ಸ್ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ಬಂದವರು ದೂರು ಹೇಳುತ್ತಿದ್ದರು, ಅಕ್ಕ ಅವರು ಹೇಳಿದಷ್ಟನ್ನೇ ಬರೆದು, ದೂರಿಸಿಕೊಂಡವರನ್ನು ಕರೆಸಿ, ಗಟ್ಟಿಯಾಗಿ ಓದುತ್ತಿದ್ದಳು. ತಮ್ಮ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳುವುದೆಂದರೆ ಎಂಥವರಿಗೂ ಮುಜುಗರ. ಅರ್ಧ ಜನ "ಅಷ್ಟೊಂದೇನಿಲ್ಲ, ಬಿಡಿ" ಎಂದು ಎದ್ದುಹೋದರು. ಉಳಿದವರಿಗಾಗಿ ಮೂವರೂ ಜಾಗಕ್ಕೆ ಹೋಗಿ ನೋಡಿ ಬಂದರು. ಧ್ವನಿವರ್ಧಕದ ದೂರು ಬಂದಾಗ ತಾತ ಎರಡೂ ಪ್ರಾರ್ಥನಾ ಮಂದಿರಗಳ ಮುಂದೆ ಹೆಜ್ಜೆ ಅಳೆದು, ಸದ್ದು ಎಲ್ಲಿಯವರೆಗೆ ಕೇಳುತ್ತದೆಂದು ನಕ್ಷೆ ಬರೆದರು. ಎರಡೂ ಕಡೆ ಅಳತೆ ಒಂದೇ ಬಂದು ಎರಡೂ ಕಡೆಯವರಿಗೆ ಬೇಜಾರಾಯಿತು. ಎಲ್ಲವೂ ಬಗೆಹರಿಯಲಿಲ್ಲ. ಗಾಯದ ಗುರುತಿನವನು ಇಂದಿಗೂ ಗೂಡಿನ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾನೆ. ಅಕ್ಕ ಮಾತ್ರ ಪ್ರತಿ ಸಲ ಎದ್ದು ನಿಲ್ಲುತ್ತಾಳೆ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಶಾಂತಿ ಸಮಿತಿಯ ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತಾ ಬಂದರು. ಸಮಿತಿಗೆ ಈಚೆಗೆ ಕೆಲಸವಿರಲಿಲ್ಲ. ಅಶಾಂತಿ ಇಲ್ಲದಿದ್ದರೆ ಶಾಂತಿಗೆ ಯಾರು ಕರೆಯುತ್ತಾರೆ?

"ಒಂದು ದೂರು ಬರೀಬೇಕು. ಮೂರು ಜನದ ಮೇಲೆ."

"ಹೇಳಿ ಸಾರ್."

"ಸದರಿ ಮೂವರು ಯಾವುದೇ ನೋಂದಣಿ ಇಲ್ಲದೆ, ಅನುಮತಿ ಪಡೆಯದೆ, ನಗರಸಭೆಯ ಗೇಟಿನ ಪಕ್ಕದಲ್ಲೇ ಅನಧಿಕೃತವಾಗಿ ಶಾಂತಿ ನಡೆಸುತ್ತಿದ್ದಾರೆ."

ಅಕ್ಕ ಮುಖದ ಗೆರೆ ಅಲುಗಿಸದೆ ಟೈಪ್ ಮಾಡಿದಳು. ಗಟ್ಟಿಯಾಗಿ ಓದಿದಳು. ಅಜ್ಜಿ ತಲೆದೂಗಿದಳು: "ನಿಜವೇ ಬರೆದವ್ರೆ." ತಾತ ಮಾತ್ರ, ಗೇಟಿನ ಪಕ್ಕ ಎಂದರೆ ಸಾಲದು, ಗೇಟಿನಿಂದ ಹದಿಮೂರು ಅಡಿ ನಾಲ್ಕು ಇಂಚು ಎಂದು ನಮೂದಿಸಿ ಎಂದು ಹಟ ಹಿಡಿದರು. ಅಧ್ಯಕ್ಷರು ಒಪ್ಪಿ ಸಹಿ ಮಾಡಿ ಒಳಗೆ ಹೋದರು. ಗುಮಾಸ್ತ ಊಟಕ್ಕೆ ಹೋಗಿದ್ದ. ಅವರು ಸ್ವಲ್ಪ ಹೊತ್ತು ಬಿಸಿಲಲ್ಲಿ ಅಡ್ಡಾಡಿದರು, ಕಚೇರಿಯ ಬಾಗಿಲು ನೋಡಿದರು, ಗಡಿಯಾರ ನೋಡಿದರು. ಆಮೇಲೆ ವಾಪಸು ಬಂದು ನಿಂತರು. ಅಜ್ಜಿ ದಿಂಬಿನ ಜೊತೆಗೇ ಒಂದಿಷ್ಟು ಸರಿದಳು.

"ಕೂತ್ಕೊಳ್ಳಿ, ಬರೋದು ಮೂರು ಗಂಟೆ ಮಾಡ್ತಾನೆ," ಎಂದಳು.

ಅಧ್ಯಕ್ಷರು ಕೂತರು.